ಸರದಿ ಬಾರದ ಗುಂಡಿ

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್ ಎಂದರೆ ಸಾಕು, ನಮ್ಮ ಮರುಕ ಸೀದಾ ಗಣಿಯೊಳಕ್ಕೆ ಇಳಿಯುತ್ತದೆ. ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದ ಚಾಂಪಿಯನ್ ರೀಫ್, ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸೊರಗಿದವರು, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದ ಸಂಸಾರಗಳು. ಈ ಮರುಕ ಸುಳ್ಳಲ್ಲ. ಆದರೆ ಅದೇ ಊರಿನ ಕಾರ್ಮಿಕ ಲೈನುಗಳಲ್ಲಿ ಗಣಿ ಕೆಲಸಗಾರರ ಕಕ್ಕಸು ಬಳಿಯುತ್ತಿದ್ದವರೂ ಇದ್ದರು. ಅವರ ನೆನಪು ಎಷ್ಟು ಜನಕ್ಕೆ ಬರುತ್ತದೆ?

ಕರುಣೆ ತಾನಾಗಿ ಹುಟ್ಟುವ ಕಡೆಗಳೂ ಇವೆ. ಬಂಗಾರಪೇಟೆಯಲ್ಲಿ ಬೆಳಗಿನ ಬೆಂಗಳೂರು ರೈಲು ಹತ್ತಿದವರಿಗೆ ಗೊತ್ತು, ಅದು ಕೆಜಿಎಫ್‌ನ ಮಾರಿಕುಪ್ಪಂ ಕಡೆಯಿಂದಲೇ ತುಂಬಿ ಬಂದಿರುತ್ತದೆ. ಮೂವರ ಸೀಟಿಗೆ ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಮೊದಲು ಮುಖ ಗಂಟಾಗುತ್ತದೆ, ಆಮೇಲೆ ಸೊಂಟ ಸರಿಯುತ್ತದೆ. ಕೂಸೆತ್ತಿಕೊಂಡು ಬಂದವಳಿಗೆ ಕೇಳದೆಯೇ ಜಾಗ. ನಾಳೆ ನಿಲ್ಲುವ ಸರದಿ ತನ್ನದೇ ಆಗಬಹುದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಸರದಿ ಬದಲಾಗುವ ಕಡೆ ಕರುಣೆಗೆ ಉಪದೇಶ ಬೇಕಾಗುವುದಿಲ್ಲ.

ಮಲದ ಗುಂಡಿಯ ಹತ್ತಿರ ಈ ಲೆಕ್ಕ ಕೆಡುತ್ತದೆ. ಆ ಸರದಿ ನಮಗೆ ಎಂದೂ ಬಾರದಂತೆ ಜಾತಿ ಮೊದಲೇ ಏರ್ಪಾಟು ಮಾಡಿಟ್ಟಿದೆ. ಹಾಗಾಗಿ ಅಲ್ಲಿ ನಮ್ಮ ಕರುಣೆ ಒಂದು ಹಳೇ ಸೀರೆ, ಹಬ್ಬದ ದಿನ ಮಿಕ್ಕ ಅಡುಗೆ, ಒಂದು ಸೋಪು, ಇಷ್ಟಕ್ಕೆ ಬಂದು ನಿಲ್ಲುತ್ತದೆ. ಕೊಟ್ಟವರಿಗೆ ಸಮಾಧಾನ, ಬಕೆಟ್ಟು ಮಾತ್ರ ಇದ್ದ ಕೈಯಲ್ಲೇ ಇರುತ್ತದೆ.

ಬೆಜವಾಡ ವಿಲ್ಸನ್ 1966ರಲ್ಲಿ ಕೆಜಿಎಫ್‌ನಲ್ಲೇ, ಈ ಕೆಲಸ ಮಾಡುತ್ತಿದ್ದ ಮನೆತನದಲ್ಲೇ ಹುಟ್ಟಿದವರು. ಗುಂಡಿಗೆ ಬಿದ್ದ ಬಕೆಟ್ಟನ್ನು ಎತ್ತಲು ಬರಿಗೈಯನ್ನು ಮಲದೊಳಕ್ಕೆ ಇಳಿಸುತ್ತಿದ್ದುದನ್ನು ಕಂಡು ತಾವು ಅತ್ತದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅಳು ಯಾರಿಗಾದರೂ ಬಂದೀತು. ಅವರು ಗ್ಲೌಸು, ಸೋಪಿನ ಮಾತಿಗೆ ನಿಲ್ಲದೆ ಆ ಕಕ್ಕಸುಗಳನ್ನೇ ಕೆಡವಿ ಎಂದರು. ಬಿ. ಬಸವಲಿಂಗಪ್ಪ ಮಂತ್ರಿಯಾಗಿ 1970ರ ದಶಕದಲ್ಲೇ ಮಲ ಹೊರುವುದನ್ನು ನಿಷೇಧಿಸಿದ್ದ ರಾಜ್ಯ ಇದು, ಆದರೂ ಕೇಳಬೇಕಾಯಿತು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದು ಕಾಗದದಲ್ಲೇ ಉಳಿಯಿತೆಂದು, ವಿಲ್ಸನ್ ಸ್ಥಾಪಕರಲ್ಲೊಬ್ಬರಾದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ. 2014ರ ತೀರ್ಪಿನಲ್ಲಿ, ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು.

ಎಲ್ಲಕ್ಕೂ ಕಾನೂನು ಬಂದರೆ ಮನುಷ್ಯನ ಎದೆ ಒಣಗುತ್ತದೆ ಎನ್ನುವವರಿದ್ದಾರೆ. ಪರಿಹಾರದ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರನ್ನು ಕಂಡರೆ ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೂ ಬಡವನ ಬದುಕು ನನ್ನ ಅಂದಿನ ಮನಸ್ಸಿನ ಹದವನ್ನು ನೆಚ್ಚಿಕೊಂಡಿರುವುದಕ್ಕಿಂತ ಕಾನೂನೇ ಮೇಲು. ಬೀದಿ ಗುಡಿಸುವಾಕೆಯ ಮಗಳು ನರ್ಸಿಂಗ್ ಓದಿ, ಹಳೇ ಸೀರೆ ಬೇಡವೆಂದಾಗ ‘ಸೊಕ್ಕು ಬಂತು’ ಎನ್ನುವ ಬಾಯಿಗಳಿವೆಯಲ್ಲ, ಅಷ್ಟು ವರ್ಷ ಸೀರೆ ಕೊಟ್ಟಿದ್ದೂ ಆ ಬಾಯಿಗಳೇ. ಪಡೆಯುವವರು ಇಲ್ಲವಾದರೆ ಕೊಡುವವರಿಗೆ ಯಾಕೆ ಸಂಕಟವಾಗಬೇಕು? ತನ್ನ ಅಗತ್ಯವೇ ತೀರಿತೆಂದು ಹಿಗ್ಗುವ ಕರುಣೆ ನಮ್ಮಲ್ಲಿ ಅಪರೂಪ.

ಇದೇ ಕೆಜಿಎಫ್‌ನಲ್ಲಿ 2011ರಲ್ಲಿ ಮಲದ ಗುಂಡಿಗೆ ಇಳಿದ ಮೂವರು ಸತ್ತರು. ಗಣಿ ಮುಚ್ಚಿ ಆಗಲೇ ಹತ್ತು ವರ್ಷವಾಗಿತ್ತು. ಮನೆಯ ಗುಂಡಿ ತುಂಬಿದಾಗ ಸಕ್ಕಿಂಗ್ ಲಾರಿಯ ಬಾಡಿಗೆ ದುಬಾರಿಯೆಂದು, ಕಡಿಮೆ ದುಡ್ಡಿಗೆ ಇಳಿಯುವವರನ್ನು ಹುಡುಕುವ ಜನ ಇವತ್ತಿಗೂ ಇದ್ದಾರೆ. ಅವರೇನು ಕಟುಕರಲ್ಲ, ದೇವಸ್ಥಾನದಲ್ಲಿ ಅನ್ನದಾನಕ್ಕೆ ಚೀಟಿ ಹರಿಸುವವರೇ. ಲಾರಿಯ ಬಾಡಿಗೆಗೆ ಮಾತ್ರ ಚೀಟಿ ಹರಿಯುವುದಿಲ್ಲ, ಗೋಡೆಯ ಮೇಲೆ ದಾನಿಗಳೆಂದು ಹೆಸರೂ ಬರುವುದಿಲ್ಲ.