ಅವೈಜ್ಞಾನಿಕ ಉಬ್ಬುಗಳಿಗೆ ಕಾರುಗಳ ತಳ ಬಲಿ



ನಾಲ್ಕು ಮೀಟರಿಗಿಂತ ಕಡಿಮೆ ಉದ್ದವಿದ್ದು ಹಿಂಬದಿಯಲ್ಲಿ ಪ್ರತ್ಯೇಕ ಡಿಕ್ಕಿ ಇರುವ ಡಿಸೈರ್, ಅಮೇಜ್‌ನಂಥ ಕಾಂಪ್ಯಾಕ್ಟ್ ಸೆಡಾನ್‌ಗಳನ್ನು ಮಧ್ಯಮ ವರ್ಗದ ಕುಟುಂಬಗಳು ಹತ್ತು ವರ್ಷವಾದರೂ ಬಾಳಲೆಂದು ಸಾಲ ಮಾಡಿ ಕೊಳ್ಳುತ್ತವೆಯಾದರೂ, ಅವುಗಳ ನಿರ್ವಹಣಾ ವೆಚ್ಚವನ್ನು ಬಡಾವಣೆಗಳ ರಸ್ತೆಯುಬ್ಬುಗಳು ಅನಗತ್ಯವಾಗಿ ಹೆಚ್ಚಿಸುತ್ತಿವೆ. ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯು, ಉಬ್ಬು 10 ಸೆಂ.ಮೀ. ಎತ್ತರ ಹಾಗೂ 3.7 ಮೀಟರ್ ಅಗಲವಿದ್ದು, ವಾಹನಗಳು ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕೆಂದು ಹೇಳಿತ್ತು. ಆದರೆ ಹಲವೆಡೆ ಮಿಕ್ಕ ಡಾಂಬರನ್ನೇ ಕಡಿದಾದ ದಿಬ್ಬವಾಗಿ ಸುರಿಯಲಾಗಿದ್ದು, ಐವರು ಕುಳಿತು ಡಿಕ್ಕಿ ತುಂಬಿದ ಕಾರು ಅದನ್ನು ದಾಟುವಾಗ ಸೈಲೆನ್ಸರ್ ಹಾಗೂ ಎಂಜಿನ್ ಆಯಿಲ್ ನಿಲ್ಲುವ ತೊಟ್ಟಿಯಾದ ಚೇಂಬರ್ ಉಜ್ಜುತ್ತವೆ. ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮ್‌ನ ರಬ್ಬರ್ ಬುಷ್‌ಗಳು ಅವಧಿಗೆ ಮುನ್ನವೇ ಸವೆಯುತ್ತವೆ. ಚೇಂಬರ್ ಬಿರುಕು ಬಿಟ್ಟು ಆಯಿಲ್ ಸೋರಿದ್ದು ಗಮನಕ್ಕೆ ಬಾರದಿದ್ದರೆ ಎಂಜಿನ್ನೇ ಸೀಜ್ ಆಗುವ, ಅಂದರೆ ಒಳಭಾಗಗಳು ಬಿಗಿದು ನಿಂತುಹೋಗುವ ಅಪಾಯವಿದೆ.

ಆದ್ದರಿಂದ ಸ್ಥಳೀಯ ಸಂಸ್ಥೆಗಳು ವಾರ್ಡುವಾರು ಉಬ್ಬುಗಳನ್ನು ಅಳತೆ ಮಾಡಿಸಿ, ಮಾನದಂಡ ಮೀರಿದವನ್ನು ತೆರವುಗೊಳಿಸಿ, ಉಳಿದವುಗಳಿಗೆ ಕಪ್ಪು–ಬಿಳಿ ಪಟ್ಟಿ ಬಳಿಸಿ, ಮುನ್ಸೂಚನಾ ಫಲಕ ಅಳವಡಿಸಬೇಕೆಂದು ವಿನಂತಿ.

– ಓದುಗರೊಬ್ಬರು, ಹಾಸನ