ತಲೆ ಎಣಿಸಿದ್ದು ಸಾಕು, ಬೆಲೆಯ ಲೆಕ್ಕ ಕೊಡಿ



ಹಳ್ಳಿ ಯಾಕೆ ಬಡವಾಗಿದೆ ಎಂದು ಕೇಳಿದರೆ ಓದಿಕೊಂಡವರ ಬಾಯಲ್ಲಿ ಒಂದೇ ಉತ್ತರ: ಜನಸಂಖ್ಯೆ. ಮಕ್ಕಳು ಹೆಚ್ಚಾದರು, ಜಮೀನು ಹಿಸ್ಸೆಯಾಯಿತು, ಸಾಲ ಬಂತು ಅಂತಾರೆ. ಈ ಮಾತು ಎಷ್ಟು ನಿಜ ಅಂತ ನಮ್ಮ ಹೊಳೆಬಾಗಿಲಿನ ದಡದಲ್ಲಿ ನಿಂತು ನೋಡೋಣ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ಊರು ನೀರಿಗೆ ಹೋದವು. ನಮ್ಮ ಜಮೀನು ನುಂಗಿದ್ದು ಮನೆ ತುಂಬಿದ ಮಕ್ಕಳಲ್ಲ, ಸರ್ಕಾರದ ಅಭಿವೃದ್ಧಿ. ದೀಪ ಪಟ್ಟಣಕ್ಕೆ ಹತ್ತಿತು. ಎದ್ದು ಹೋದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಪತ್ರವಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲ ಸಿಗುವುದು ಕಷ್ಟ; ಅವನು ಕೈಸಾಲದ ಬಡ್ಡಿಗೇ ಬೀಳಬೇಕು.

ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚ್ ಕಾಯುತ್ತ ಮುದುಕರಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಅಣೆಕಟ್ಟಾಗಿ ಅರವತ್ತು ವರ್ಷ ಕಳೆದ ಮೇಲೆ! ಮಲೆನಾಡಿನವರು ಬಸ್ಸು ಕೇಳಿದರೆ ‘ಜನ ಸಾಲದು’, ಮೇಷ್ಟ್ರನ್ನು ಕೇಳಿದರೆ ‘ಮಕ್ಕಳು ಸಾಲದು’. ಬಡತನದ ಮಾತು ಬಂದಾಗ ಮಾತ್ರ ನಾವು ಹೆಚ್ಚು! ಇದು ಯಾವ ಲೆಕ್ಕ?

ಹಳೆಯ ಕಥೆಯನ್ನೂ ನೆನೆಯಿರಿ. 1974ರಲ್ಲಿ ಬುಕಾರೆಸ್ಟ್‌ನ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ, ಅಭಿವೃದ್ಧಿಯೇ ಸಂತಾನ ನಿಯಂತ್ರಣಕ್ಕೆ ಒಳ್ಳೆಯ ದಾರಿ ಎಂದು ಸಾರಿದವರು ನಮ್ಮ ಸಚಿವ ಕರಣ್ ಸಿಂಗ್. 1976ರ ಏಪ್ರಿಲ್‌ನಲ್ಲಿ ಅದೇ ಸಚಿವರು ತಂದ ಜನಸಂಖ್ಯಾ ನೀತಿ, ಅಭಿವೃದ್ಧಿ ಬರುವ ತನಕ ಕಾಯಲಾಗದು ಎಂದಿತು. 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆಯಾಯಿತು. ಬಲವಂತಕ್ಕೆ ಸಿಕ್ಕವರಲ್ಲಿ ಬಡವರೇ ಹೆಚ್ಚು. ಚೀನಾ 1980ರಿಂದ ಒಂದೇ ಮಗು ಎಂದು ಕಟ್ಟು ಮಾಡಿ, 2021ರಲ್ಲಿ ಮೂರು ಹೆರಿ ಎಂದಿತು.

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ಕೂತಿರಿ ಅಂತ ನಾವು ಹೇಳುತ್ತಿಲ್ಲ. ಚಿಕ್ಕ ಸಂಸಾರ ಒಳ್ಳೆಯದೇ. ಆದರೆ ಅದನ್ನು ತಂದದ್ದು ಹೆದರಿಕೆಯಲ್ಲ. ಹೆಣ್ಣುಮಕ್ಕಳು ಓದಿದರು, ಹುಟ್ಟಿದ ಕೂಸು ಬದುಕುವ ನಂಬಿಕೆ ಬಂತು. ಕೇರಳ ಇದನ್ನು ಮೊದಲೇ ತೋರಿಸಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಈಗಿನ ಜನಸಂಖ್ಯೆ ಹಾಗೇ ಉಳಿಯಲು ಬೇಕಾದದ್ದು 2.1.

ಸಂಸಾರ ಚಿಕ್ಕದಾಯಿತು, ಸಾಲ ಚಿಕ್ಕದಾಯಿತೇ? ಕೊನೆ ತೆಗೆಯಲು, ಔಷಧಿ ಹೊಡೆಯಲು ಆಳಿಲ್ಲ. ಧಾರಣೆ ಇದ್ದ ವರ್ಷ ಕೊಳೆ, ಎಲೆಚುಕ್ಕೆ. ಫಸಲಿದ್ದ ವರ್ಷ ಧಾರಣೆಯಿಲ್ಲ. ಗೊಬ್ಬರದ ದರ ಬರೆಯುವವರು ಬೇರೆ, ನಮ್ಮ ಭತ್ತದ ದರ ಬರೆಯುವವರೂ ಬೇರೆ. ನಾವು ಬರೆಯುವುದು ಸೊಸೈಟಿಯ ಸಾಲದ ಪತ್ರಕ್ಕೆ ರುಜು ಮಾತ್ರ.

ಇನ್ನು ಮುಂದೆ ಯಾರಾದರೂ ವೇದಿಕೆ ಹತ್ತಿ ಜನಸಂಖ್ಯೆಯ ಪಾಠ ಹೇಳಿದರೆ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ. ಮುಳುಗಡೆಯವರ ಹಕ್ಕುಪತ್ರ ಎಲ್ಲಿ? ಖರ್ಚಿಗೆ ತಕ್ಕ ಬೆಲೆ ಎಲ್ಲಿ? ಊರಿನ ಶಾಲೆಗೆ ಮೇಷ್ಟ್ರು ಎಲ್ಲಿ? ಉತ್ತರ ಬರುವ ತನಕ ಕೂರಬೇಡಿ.