ಗ್ಲಾಸ್ ಕ್ಲೇಮ್: ಗ್ಯಾರೇಜಿಗೆ ಕೇಳುವವರು ಯಾರು?

ಹೆದ್ದಾರಿ 66ರಲ್ಲೋ ಶಿರಾಡಿ ಘಾಟಿಯಲ್ಲೋ ಟಿಪ್ಪರಿನ ಹಿಂದೆ ಹೋದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚೂರು ಜಲ್ಲಿ ಹಾರಿದರೆ ಸಾಕು, ಮುಂದಿನ ಗ್ಲಾಸ್ ಹೋಯಿತು. ಗ್ಯಾರೇಜಿಗೆ ಹೋದರೆ ಮೊದಲ ಪ್ರಶ್ನೆ, "ಇನ್ಸೂರೆನ್ಸ್ ಫುಲ್ಲಾ, ಥರ್ಡ್ ಪಾರ್ಟಿಯಾ?" ಫುಲ್ ಅಂದ ಕೂಡಲೇ ರೇಟೇ ಬದಲಾಗುವ ಕಡೆಗಳಿವೆ.

1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದರಲ್ಲಿ ನಮ್ಮ ಗ್ಲಾಸಿಗೆ ಒಂದು ಪೈಸೆ ಸಿಗುವುದಿಲ್ಲ. ಓನ್ ಡ್ಯಾಮೇಜ್ ಸೇರಿದ ಪಾಲಿಸಿ ಇದ್ದರೆ ಅಪಘಾತಕ್ಕೂ ಸಿಗುತ್ತದೆ, ಗಲಭೆ, ಮುಷ್ಕರ, ದುರುದ್ದೇಶದ ಕೃತ್ಯಗಳಿಗೂ ಸಿಗುತ್ತದೆ. ಅಂದರೆ ಬಂದ್ ದಿನ ಯಾರೋ ಕಲ್ಲು ಬಿಸಾಡಿದರೂ ಪರಿಹಾರ ಉಂಟು, ಪೊಲೀಸ್ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಬೇಕು. ನಮ್ಮ ಜಿಲ್ಲೆಯವರು ಇದನ್ನು ತಿಳಿದಿರಲೇಬೇಕು. ರಿಕ್ಷಾ, ಪಿಕಪ್ ಓಡಿಸುವ ನಮ್ಮ ಹುಡುಗರಲ್ಲಿ ಸ್ವಲ್ಪ ದುಡ್ಡು ಉಳಿಸಲು ಥರ್ಡ್ ಪಾರ್ಟಿ ಮಾತ್ರ ಮಾಡಿಸಿ, ಕಲ್ಲು ಬಿದ್ದ ಮೇಲೆ ತಲೆಗೆ ಕೈ ಇಟ್ಟು ಕೂರುವವರು ಇದ್ದಾರೆ.

ಇನ್ನೊಂದು ವಿಷಯ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಸವಕಳಿ ಅಂತ ಶೇ. 50 ಕಡಿಯುತ್ತಾರೆ. ಗ್ಲಾಸಿಗೆ ಹಾಗೆ ಕಡಿತ ಇಲ್ಲ. 1500 ಸಿಸಿವರೆಗಿನ ಖಾಸಗಿ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ನಾವು ಹಾಕಬೇಕು, ಉಳಿದದ್ದು ಕಂಪೆನಿಯದ್ದು. ಗ್ಲಾಸ್ ಬಿಲ್ಲೆಂದರೆ ಗ್ಯಾರೇಜಿಗೆ ಪ್ರೀತಿ ಯಾಕೆಂದು ಈಗ ಅರ್ಥವಾಗಬಹುದು.

ಇಲ್ಲಿ ಕಾಯ್ದೆಯಲ್ಲೇ ಒಂದು ಖಾಲಿ ಜಾಗ ಉಳಿದಿದೆ. ವಾಹನ ನಷ್ಟ 50,000 ರೂಪಾಯಿ ಮತ್ತು ಮೇಲಿದ್ದರೆ ಲೈಸೆನ್ಸ್ ಇರುವ ಸರ್ವೇಯರ್ ನೋಡಲೇಬೇಕು. ಸಾಧಾರಣ ಕಾರಿನ ಗ್ಲಾಸ್ ಅಷ್ಟಾಗುವುದಿಲ್ಲ. ಹಾಗಾಗಿ ಮೊಬೈಲಿನಲ್ಲಿ ತೆಗೆದ ಫೋಟೊ, ಗ್ಯಾರೇಜಿನ ಎಸ್ಟಿಮೇಟ್, ನಮ್ಮ ಸಹಿ ಇಷ್ಟರಲ್ಲೇ ಕೆಲಸ ಮುಗಿಯಬಹುದು. ವಿಮಾ ಕಂಪೆನಿಯ ಮೇಲೆ ಐಆರ್‌ಡಿಎಐ ಇದೆ, ಸರ್ವೇಯರನಿಗೆ ಲೈಸೆನ್ಸ್ ಕೊಡುವುದೂ ಅದೇ. ಗ್ಲಾಸ್ ಹಾಕುವ ಗ್ಯಾರೇಜು ಅದರ ಕೈಕೆಳಗೆ ಬರುವುದಿಲ್ಲ. ಕ್ಯಾಶ್‌ಲೆಸ್ ಎಂದರೆ ಕಂಪೆನಿ ಮತ್ತು ಗ್ಯಾರೇಜಿನ ನಡುವಿನ ಒಪ್ಪಂದ, ಅಷ್ಟೆ. ಚಿಕ್ಕ ಗಾಯಕ್ಕೆ ರೆಸಿನ್ ತುಂಬಿಸಿ ಸರಿ ಮಾಡಬಹುದಾದಲ್ಲಿ ಇಡೀ ಗ್ಲಾಸ್ ಬದಲಿಸುವುದು, ಹಳೇ ಗೀರುಗಳನ್ನೂ ಅದೇ ಕ್ಲೇಮಿಗೆ ತುರುಕುವುದು, ಕಂಪೆನಿ ಗ್ಲಾಸಿನ ಬಿಲ್ ಹಾಕಿ ಅಗ್ಗದ್ದನ್ನು ಕೂರಿಸುವುದು ಎಲ್ಲ ಈ ಸಂದಿಯಲ್ಲೇ ನಡೆಯುವುದು.

ಅಮೆರಿಕದ ಫ್ಲೋರಿಡಾದಲ್ಲಿ ಇದೇ ರೋಗ ವಿಪರೀತವಾಗಿತ್ತು. ಗ್ಲಾಸ್ ಅಂಗಡಿಯವರು ಗ್ರಾಹಕರಿಗೆ ಉಡುಗೊರೆಯ ಆಸೆ ತೋರಿಸಿ, ಕ್ಲೇಮಿನ ಹಕ್ಕನ್ನೇ ತಮ್ಮ ಹೆಸರಿಗೆ ಬರೆಸಿಕೊಂಡು, ಕಂಪೆನಿಗಳ ಮೇಲೆ ಕೇಸು ಹಾಕುತ್ತಿದ್ದರು. 2023ರಲ್ಲಿ ಅಲ್ಲಿ ಕಾನೂನು ತಂದು ಆಮಿಷವನ್ನೂ ಹಕ್ಕು ಬರೆಸಿಕೊಳ್ಳುವುದನ್ನೂ ನಿಷೇಧಿಸಿದರು. ಅಷ್ಟು ದೂರ ಯಾಕೆ, ದುಬೈಯಲ್ಲಿರುವ ನಮ್ಮವರನ್ನೇ ಕೇಳಿ. ಅಪಘಾತವಾದ ಗಾಡಿಯನ್ನು ಪೊಲೀಸರ ಕಾಗದ ಇಲ್ಲದೆ ಗ್ಯಾರೇಜಿನವರು ಮುಟ್ಟುವುದಿಲ್ಲ. ಅಲ್ಲಿ ಶಿಸ್ತಾಗಿ ಕಾಗದ ಹಿಡಿದು ನಿಲ್ಲುವವರೇ ಊರಿಗೆ ಬಂದರೆ, "ಹೇಗಾದರೂ ಅಡ್ಜಸ್ಟ್ ಮಾಡು ಮಾರಾಯ" ಅನ್ನುತ್ತಾರೆ!

ನನ್ನ ಹತ್ತಿರ ಬರುವ ವಾದವೊಂದಿದೆ. "ಉಸ್ತಾದರೇ, ಅದು ಹೇಗೂ ಬಡ್ಡಿಯ ಕಂಪೆನಿ. ಅವರ ದುಡ್ಡು ಸ್ವಲ್ಪ ತಿಂದರೆ ಎಂತ?" ವಿಮೆ ಸರಿಯೋ ತಪ್ಪೋ ಎಂಬ ಬಗ್ಗೆ ಉಲಮಾಗಳಲ್ಲಿ ಚರ್ಚೆ ಇದೆ, ಅದು ಬೇರೆ. ಸುಳ್ಳು ಹೇಳಿ ಹಣ ಪಡೆಯಲು ಯಾವ ಉಲಮಾ ಕೂಡ ಅನುಮತಿ ಕೊಟ್ಟಿಲ್ಲ. ಮೇಲೆ ಒಣ ಧಾನ್ಯ, ಒಳಗೆ ಒದ್ದೆ ಧಾನ್ಯ ಇಟ್ಟು ಮಾರುತ್ತಿದ್ದವನ ರಾಶಿಗೆ ಪ್ರವಾದಿಯವರು (ಸ) ಕೈ ಹಾಕಿ ನೋಡಿದ ಘಟನೆ ಮದ್ರಸದ ಮಕ್ಕಳಿಗೂ ಗೊತ್ತು. ಕೈಯಾರೆ ಒಡೆದ ಗ್ಲಾಸಿಗೆ "ಕಲ್ಲು ಬಿತ್ತು" ಅಂತ ಬರೆದು ಕೊಡುವುದಕ್ಕೂ ಅದಕ್ಕೂ ಏನು ವ್ಯತ್ಯಾಸ? ಕಾನೂನಿನ ಕಣ್ಣಲ್ಲೂ ಇದು ವಂಚನೆಯೇ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಟ್ಟರೆ ಮೊದಲು ಉತ್ತರ ಕೊಡಬೇಕಾದವರು ನೀವು, ಮೆಕ್ಯಾನಿಕ್ ಅಲ್ಲ.

ಲೆಕ್ಕದಲ್ಲೂ ಲಾಭ ಇಲ್ಲ. ಓನ್ ಡ್ಯಾಮೇಜ್ ಪ್ರೀಮಿಯಂ 8,000 ರೂಪಾಯಿ, ಈಗ ನಿಮಗೆ ಶೇ. 35 ನೋ ಕ್ಲೇಮ್ ಬೋನಸ್ ಇದೆ ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ. 45, ಅಂದರೆ 3,600 ರೂಪಾಯಿ ರಿಯಾಯಿತಿ. ಮಾಡಿದರೆ ಸೊನ್ನೆ. ಅದರ ಮುಂದಿನ ವರ್ಷ ಶೇ. 50 ಸಿಗಬೇಕಾದಲ್ಲಿ ಶೇ. 20, ಇನ್ನೂ 2,400 ಹೋಯಿತು. ಒಟ್ಟು 6,000. ಗ್ಲಾಸಿನ ಬಿಲ್ 6,000 ಆಗಿದ್ದರೆ ಕೈಗೆ ಬಂದದ್ದು 5,000. ಬೋನಸ್ ಉಳಿಸುವ ಆ್ಯಡ್-ಆನ್ ಇದ್ದವರ ಲೆಕ್ಕ ಬೇರೆ.

ದೊಡ್ಡ ಗ್ಯಾರೇಜಾಗಲಿ ಚಿಕ್ಕದಾಗಲಿ, ಗ್ಲಾಸ್ ಕೆಲಸಕ್ಕೆ ನೋಂದಣಿ ಬೇಕು, ಹಾಕಿದ ಗ್ಲಾಸಿನ ವಿವರ ಬಿಲ್ಲಿನಲ್ಲಿ ಬರಬೇಕು ಎಂಬ ನಿಯಮ ಸರಕಾರ ತರಲಿ. ಪ್ರಾಮಾಣಿಕವಾಗಿ ದುಡಿಯುವ ನಮ್ಮ ಮೆಕ್ಯಾನಿಕ್‌ಗಳಿಗೂ ಅದರಿಂದ ಒಳ್ಳೆಯದೇ. ಅಲ್ಲಿವರೆಗೆ ಹೊಸ ಗ್ಲಾಸಿನ ಮೂಲೆಯಲ್ಲಿ ಐಎಸ್ 2553 ಎಂಬ ಐಎಸ್ಐ ಗುರುತು ಇದೆಯಾ ನೋಡಿ, ಒಡೆದ ಗ್ಲಾಸನ್ನು ಕಣ್ಣೆದುರೇ ತೆಗೆಸಿ. ನ್ಯಾಯವಾದ ಕ್ಲೇಮನ್ನು ಕಂಪೆನಿ ತಿರಸ್ಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ.